ಅಡಿಕೆಯ ಮದ್ದು, ನಾಯಿಯ ಹುಳು

ಸಾಕುಪ್ರಾಣಿಗಳ ಆರೋಗ್ಯ ಕುರಿತ ನೇರಪ್ರಸಾರ ನಡೆದಿತ್ತು. ದೂರವಾಣಿಯಲ್ಲಿ ಗೃಹಿಣಿಯೊಬ್ಬರು ಕೇಳಿದರು: "ನಮ್ಮ ನಾಯಿಗೆ ವರ್ಷಕ್ಕೊಮ್ಮೆ ಹುಳದ ಮಾತ್ರೆ ಕೊಡುತ್ತೇವೆ. ಮಾಂಸದಂಗಡಿಯವರು ಕೊಡುವ ಕುರಿಯ ಕರುಳು, ಪುಪ್ಪುಸ ಎಂದರೆ ಅದಕ್ಕೆ ಪಂಚಪ್ರಾಣ. ಮಗಳು ನಾಯಿಯ ಜೊತೆಯಲ್ಲೇ ಮಲಗುತ್ತಾಳೆ. ಮಾತ್ರೆ ಸಾಕಲ್ಲವೇ?" ಸ್ಟುಡಿಯೋದಲ್ಲಿದ್ದ ಪಶುವೈದ್ಯರು "ಸಾಲದು" ಎನ್ನುವಷ್ಟರಲ್ಲಿ ಸಮಯ ಮುಗಿಯಿತು. ಗಾಜಿನ ಆಚೆಯಿಂದ ಗಡಿಯಾರ ತೋರಿಸಿದವನು ನಾನೇ. ಅಂದು ಉಳಿದುಹೋದ ಉತ್ತರವನ್ನು ಇಲ್ಲಿ ಹೇಳುತ್ತೇನೆ. ಅದು ಐಸ್‌ಲೆಂಡ್‌ನಲ್ಲಿ ಆರಂಭವಾಗುತ್ತದೆ.

ಉತ್ತರ ಅಟ್ಲಾಂಟಿಕ್‌ನ ಆ ದ್ವೀಪದಲ್ಲಿ 19ನೇ ಶತಮಾನದಲ್ಲಿ ಕುರಿಯೇ ಬದುಕು. ಕುರಿ ಇದ್ದಲ್ಲಿ ನಾಯಿ ಇರಲೇಬೇಕು. ಚಳಿಗಾಲದಲ್ಲಿ ಮನುಷ್ಯರೂ ನಾಯಿಗಳೂ ಹುಲ್ಲು ಮಣ್ಣಿನ ಇಕ್ಕಟ್ಟಾದ ಮನೆಗಳಲ್ಲಿ ಒಟ್ಟಿಗೇ ಕಳೆಯುತ್ತಿದ್ದರು. ಅಲ್ಲಿನ ಜನರಲ್ಲಿ ವಿಚಿತ್ರ ಕಾಯಿಲೆಯೊಂದು ವ್ಯಾಪಕವಾಗಿತ್ತು. ಯಕೃತ್ತಿನಲ್ಲಿ ನೀರು ತುಂಬಿದ ಚೀಲವೊಂದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಹೊಟ್ಟೆ ಊದಿಕೊಂಡು, ಕೊನೆಗೊಂದು ದಿನ ಒಡೆಯುತ್ತಿತ್ತು. ಅಕುರೇರಿಯಲ್ಲಿದ್ದ ವೈದ್ಯ ಯೋನ್ ಫಿನ್ಸೆನ್ ರೋಗಿಯ ಹೊಟ್ಟೆಯ ಮೇಲೆ ಸುಡುವ ಕ್ಷಾರದ ಲೇಪ ಹಾಕಿ, ದಿನಗಟ್ಟಲೆ ಕಾದು, ಚರ್ಮ ಸವೆದ ಮೇಲೆ ಚೀಲದ ನೀರನ್ನು ಹೊರಗೆ ಹರಿಸುತ್ತಿದ್ದರು. ಓದುವಾಗಲೇ ಮೈ ಜುಮ್ಮೆನ್ನುವ ಚಿಕಿತ್ಸೆ ಇದು. ಅಂದು ಇದಕ್ಕಿಂತ ಉತ್ತಮವಾದದ್ದು ಹೆಚ್ಚೇನೂ ಇರಲಿಲ್ಲ.

ಈ ಚೀಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು ಜರ್ಮನಿಯಲ್ಲಿ. 1850ರ ದಶಕದ ಆರಂಭದಲ್ಲಿ ಫಾನ್ ಸೀಬೋಲ್ಡ್ ಎಂಬ ಪ್ರಾಣಿವಿಜ್ಞಾನಿ ಕುರಿಯ ಅಂಗಗಳಲ್ಲಿದ್ದ ಇಂಥ ಚೀಲಗಳನ್ನು ನಾಯಿಗಳಿಗೆ ತಿನ್ನಿಸಿದರು. ಕೆಲವು ವಾರಗಳ ನಂತರ ನಾಯಿಗಳ ಸಣ್ಣ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಪುಟ್ಟ ಲಾಡಿಹುಳುಗಳು ಕಂಡವು. ಅದೇ ಇಂದಿನ ಎಕಿನೊಕಾಕಸ್ ಗ್ರಾನ್ಯುಲೋಸಸ್. ಹುಳುವಿನ ಮೊಟ್ಟೆ ನಾಯಿಯ ಮಲದಲ್ಲಿ ಹೊರಬೀಳುತ್ತದೆ. ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿ ಅಲ್ಲಿ ಚೀಲವಾಗುತ್ತದೆ. ಕುರಿ ಕಡಿದಾಗ ಎಸೆದ ಯಕೃತ್ತನ್ನು ನಾಯಿ ತಿಂದರೆ ಚಕ್ರ ಪೂರ್ಣವಾಗುತ್ತದೆ. ಮನುಷ್ಯನಿಗೆ ಈ ಚಕ್ರದಲ್ಲಿ ಸ್ಥಾನವೇ ಇಲ್ಲ. ನಾಯಿಯ ಮೈ ಸವರಿದ ಕೈಯಿಂದಲೋ, ಅದು ನೆಕ್ಕಿದ ಪಾತ್ರೆಯಿಂದಲೋ ಮೊಟ್ಟೆ ನುಂಗಿ, ಕುರಿಗೆ ಬರಬೇಕಾದ ಚೀಲವನ್ನು ತನ್ನ ಹೊಟ್ಟೆಯಲ್ಲಿ ಬೆಳೆಸಿಕೊಳ್ಳುತ್ತಾನೆ.

1863ರಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವೈದ್ಯ ಐಸ್‌ಲೆಂಡ್‌ಗೆ ಬಂದರು. 100 ನಾಯಿಗಳನ್ನು ಕೊಯ್ದು ಪರೀಕ್ಷಿಸಿದರು. 28ರಲ್ಲಿ ಈ ಹುಳು ಇತ್ತು. ಮನುಷ್ಯರಿಂದ ತೆಗೆದ ಚೀಲವನ್ನು ನಾಯಿಗೆ ಕೊಟ್ಟರೂ ಅದೇ ಹುಳು ಬರುತ್ತದೆಂದು ಫಿನ್ಸೆನ್ ಜೊತೆಗೂಡಿ ತೋರಿಸಿದರು. ಇಷ್ಟಕ್ಕೇ ನಿಂತಿದ್ದರೆ ಅವರು ವೈದ್ಯಕೀಯ ಪುಸ್ತಕದ ಅಡಿಟಿಪ್ಪಣಿಯಾಗಿ ಉಳಿಯುತ್ತಿದ್ದರೇನೋ. ಅವರು ರೈತರಿಗೆ ಅರ್ಥವಾಗುವಂತೆ ಒಂದು ಕಿರುಪುಸ್ತಿಕೆ ಬರೆದರು. 1864ರಲ್ಲಿ ಅದನ್ನು ಐಸ್‌ಲೆಂಡಿನ ಭಾಷೆಯಲ್ಲಿ ಮುದ್ರಿಸಿ ಮನೆಮನೆಗೆ ಉಚಿತವಾಗಿ ಹಂಚಲಾಯಿತು. ಅಲ್ಲಿನ ಜನರಿಗೆ ಓದು ಬರುತ್ತಿತ್ತು. ಚಳಿಗಾಲದ ಸಂಜೆ ಉಣ್ಣೆ ನೂಲುತ್ತಾ ಕುಳಿತವರಿಗೆ ಒಬ್ಬರು ಗಟ್ಟಿಯಾಗಿ ಓದಿಹೇಳುವ ಪದ್ಧತಿಯೂ ಇತ್ತು. ಪ್ರಸಾರ ಮಾಧ್ಯಮದಲ್ಲಿ ದುಡಿಯುವ ನನಗೆ ಇದನ್ನು ನೆನೆದಾಗಲೆಲ್ಲ ಕೊಂಚ ಹೊಟ್ಟೆಕಿಚ್ಚಾಗುತ್ತದೆ.

ಪುಸ್ತಿಕೆಯ ಹಿಂದೆಯೇ ಕಾನೂನು ಬಂತು. 1869ರಲ್ಲಿ ನಾಯಿಗಳ ಸಂಖ್ಯೆಗೆ ಕಡಿವಾಣ ಬಿತ್ತು; 1890ರಲ್ಲಿ ನಾಯಿಗಳಿಗೆ ಹುಳದ ಔಷಧಿ ಕೊಡಿಸುವುದೂ ಕುರಿಯ ಚೀಲಗಳನ್ನು ನಾಶಪಡಿಸುವುದೂ ಕಡ್ಡಾಯವಾದವು. ಕುರಿಗಳನ್ನು ಮನೆಯಂಗಳದ ಬದಲು ಕಸಾಯಿಖಾನೆಯಲ್ಲಿ ಕಡಿಯುವುದು ಹೆಚ್ಚಿದ್ದೂ ನೆರವಾಯಿತು. 1924ರಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ನಾಯಿ ಸಾಕುವುದನ್ನೇ ನಿಷೇಧಿಸಿದರು; ಅದು ಸಡಿಲವಾದದ್ದು 1984ರಲ್ಲಿ. ಮುಂದೆ ನೀಲ್ಸ್ ಡುಂಗಲ್ ಎಂಬ ರೋಗಶಾಸ್ತ್ರಜ್ಞರು ಶವಪರೀಕ್ಷೆಯ ದಾಖಲೆಗಳನ್ನು ಹುಟ್ಟಿದ ವರ್ಷಕ್ಕೆ ತಕ್ಕಂತೆ ವಿಂಗಡಿಸಿ ನೋಡಿದರು. ಹಳೆಯ ತಲೆಮಾರಿನಲ್ಲಿ ಸಾಮಾನ್ಯವಾಗಿದ್ದ ಚೀಲ, 20ನೇ ಶತಮಾನದಲ್ಲಿ ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಮಾಯವಾಗಿತ್ತು. ಅಂದರೆ ರೋಗಿಗಳು ಇನ್ನೂ ಆಸ್ಪತ್ರೆಗೆ ಬರುತ್ತಿದ್ದಾಗಲೇ ಹೊಸ ಸೋಂಕು ಬಹುಮಟ್ಟಿಗೆ ನಿಂತುಹೋಗಿತ್ತು. ಅಷ್ಟು ನಿಧಾನದ ರೋಗ ಇದು.

ಗಮನಿಸಿ, ಆಗ ನಾಯಿಯ ಲಾಡಿಹುಳುವನ್ನು ನಂಬಿಕೆಯಿಂದ ಕೊಲ್ಲುವ ಔಷಧಿ ಯಾವುದೂ ಇರಲಿಲ್ಲ. ಇದ್ದುದರಲ್ಲಿ ಹೆಸರಾದದ್ದು ನಮ್ಮ ಮಲೆನಾಡಿನವರಿಗೆ ಚಿರಪರಿಚಿತವಾದ ವಸ್ತು: ಅಡಿಕೆ. ಚೀನಾದ ವೈದ್ಯರು ಲಾಡಿಹುಳುವಿಗೆ ಅಡಿಕೆಯನ್ನು ಬಹುಕಾಲದಿಂದ ಬಳಸುತ್ತಿದ್ದರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಅಡಿಕೆಪುಡಿ ನಾಯಿಗಳ ಮದ್ದಾಗಿತ್ತು. 1888ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನತಜ್ಞ ಅದರೊಳಗಿನ ಸಾರವನ್ನು ಬೇರ್ಪಡಿಸಿದರು. ಅದೇ ಅರೆಕೋಲಿನ್. ಇದು ನಾಯಿಯ ಕರುಳನ್ನು ಜೋರಾಗಿ ಹಿಂಡಿಸುತ್ತದೆ, ಹುಳುವಿನ ಸ್ನಾಯುಗಳನ್ನು ಸಡಿಲಗೊಳಿಸಿ ಅದರ ಹಿಡಿತ ತಪ್ಪಿಸುತ್ತದೆ. ನಾಯಿಗೆ ಭೇದಿಯಾಗುತ್ತದೆ, ಅದರೊಡನೆ ಹುಳು ಹೊರಬೀಳುತ್ತದೆ. ಎಲ್ಲ ಸಲವೂ ಅಲ್ಲ. ಕೆಲವು ನಾಯಿಗಳಿಗೆ ಭೇದಿಯೇ ಆಗುತ್ತಿರಲಿಲ್ಲ, ಕೆಲವು ತೀರ ಬಳಲುತ್ತಿದ್ದವು. ಆದ್ದರಿಂದ ಯಾರೂ ಮನೆಯಲ್ಲಿ ಅಡಿಕೆ ಅರೆದು ನಾಯಿಗೆ ತಿನ್ನಿಸಲು ಹೋಗಬಾರದು, ಅದು ವಿಷವಾದೀತು.

ಈ ಮದ್ದಿನ ನಿಜವಾದ ಉಪಯೋಗ ತಿಳಿದದ್ದು ನ್ಯೂಜಿಲೆಂಡಿನಲ್ಲಿ. ಅದೂ ಕುರಿಗಳ ದೇಶ. ಈ ಚೀಲದ ರೋಗ ಅಲ್ಲಿಯೂ ಬೇರೂರಿತ್ತು. 1930ರ ದಶಕದ ಕೊನೆಯಿಂದ ನಾಯಿಯ ನೋಂದಣಿಯ ಜೊತೆಗೇ ಅರೆಕೋಲಿನ್ ಮಾತ್ರೆಗಳನ್ನು ಕೊಟ್ಟು, ನೀವೇ ಹಾಕಿಕೊಳ್ಳಿ ಎಂದು ರೈತರಿಗೆ ಹೇಳಿ ಕಳಿಸಿದರು. ಸುಮಾರು 20 ವರ್ಷ ಕಳೆದರೂ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಮಾತ್ರೆ ಒಂದು ಕೈಯಲ್ಲಿ, ಹಸಿ ಯಕೃತ್ತು ಇನ್ನೊಂದು ಕೈಯಲ್ಲಿ. ಫಲ ಸಿಗುವುದಾದರೂ ಹೇಗೆ? 1959ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ನಾಯಿಗಳನ್ನು ಗೊತ್ತಾದ ಜಾಗಕ್ಕೆ ತಂದು ಸಾಲಾಗಿ ಕಟ್ಟಬೇಕು. ಅಧಿಕಾರಿಯ ಎದುರಲ್ಲೇ ಅರೆಕೋಲಿನ್ ಕೊಟ್ಟು, ಬಂದ ಮಲವನ್ನು ಪರೀಕ್ಷಿಸಬೇಕು. ಅದರಲ್ಲಿ ಯಾವ ಜಾತಿಯ ಕುರಿ ಲಾಡಿಹುಳು ಕಂಡರೂ ಒಂದು ವಿಷಯ ಖಚಿತ: ಈ ನಾಯಿ ಹಸಿ ಮಾಂಸ ತಿಂದಿದೆ, ಯಜಮಾನ ನಿಯಮ ಮುರಿದಿದ್ದಾನೆ. ಅಡಿಕೆಯ ಸಾರ ಮದ್ದಾಗಿ ಅರೆಬರೆ, ಸಾಕ್ಷಿಯಾಗಿ ಬಲು ಗಟ್ಟಿ. ನೆರೆಹೊರೆಯವರ ಮುಂದೆ ತನ್ನ ನಾಯಿ ಸಿಕ್ಕಿಬಿದ್ದ ರೈತ ಮಾರನೆಯ ದಿನದಿಂದ ಕರುಳನ್ನು ಬೇಯಿಸದೆ ಹಾಕಿರಲಾರ ಎಂದೇ ನನ್ನ ಊಹೆ.

1970ರ ದಶಕದಲ್ಲಿ ಜರ್ಮನಿಯ ಬಯರ್ ಮತ್ತು ಇ. ಮೆರ್ಕ್ ಕಂಪನಿಗಳು ಪ್ರಾಜಿಕ್ವಾಂಟೆಲ್ ಎಂಬ ಔಷಧಿಯನ್ನು ರೂಪಿಸಿದವು. ಅರೆಕೋಲಿನ್ ಮೂಲೆ ಸೇರಿತು. ಇಂದು ಪಶುವೈದ್ಯರು ಲಾಡಿಹುಳುವಿಗೆ ಬರೆದುಕೊಡುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ನ್ಯೂಜಿಲೆಂಡ್ 2002ರಲ್ಲಿ ತನ್ನನ್ನು ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡಿತು. ಭಾರತದಲ್ಲಿ ರೋಗ ಇನ್ನೂ ಇದೆ.

ಇನ್ನು ಆ ಗೃಹಿಣಿಯ ಪ್ರಶ್ನೆ. ಪ್ರಾಜಿಕ್ವಾಂಟೆಲ್ ಇಂದು ಕರುಳಿನಲ್ಲಿರುವ ಹುಳುವನ್ನು ಕೊಲ್ಲುತ್ತದೆ, ನಾಳೆ ತಿನ್ನುವ ಹುಳುವನ್ನಲ್ಲ. ಚೀಲವಿರುವ ಯಕೃತ್ತನ್ನು ತಿಂದ ನಾಯಿಯಲ್ಲಿ ಸುಮಾರು ಆರೇಳು ವಾರಗಳಲ್ಲಿ ಮೊಟ್ಟೆಗಳು ಹೊರಬೀಳತೊಡಗುತ್ತವೆ. ಹಾಗಾಗಿ ವರ್ಷಕ್ಕೊಂದು ಮಾತ್ರೆ ಕೊಟ್ಟು ಹಸಿ ಕರುಳು ಹಾಕುತ್ತಲೇ ಇದ್ದರೆ, ವರ್ಷದ ಬಹುಭಾಗ ಮಗಳ ಹಾಸಿಗೆಯ ಮೇಲೆ ಮೊಟ್ಟೆ ಉದುರಿಸುವ ನಾಯಿ ಮಲಗಿರಬಹುದು. ಮಾಂಸದಂಗಡಿಯಿಂದ ತಂದದ್ದನ್ನು ಒಳಗಿನವರೆಗೂ ಬೇಯುವಂತೆ ಚೆನ್ನಾಗಿ ಕುದಿಸಿ ಹಾಕಿ. ಎಷ್ಟು ದಿನಕ್ಕೊಮ್ಮೆ ಮಾತ್ರೆ ಎಂಬುದನ್ನು ಪಶುವೈದ್ಯರನ್ನು ಕೇಳಿ. ನಾಯಿಯನ್ನು ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪಿನಿಂದ ತೊಳೆಯಿರಿ. ಹಾಸಿಗೆಯ ವಿಷಯವನ್ನು ಮಗಳೊಡನೆ ನೀವೇ ಮಾತಾಡಿ ತೀರ್ಮಾನಿಸಬೇಕು.