ಸೌರ ಮೇಲ್ಛಾವಣಿ ವಿದ್ಯುತ್ ಮಾರಾಟ (ಕರ್ನಾಟಕ)

ಸೌರ ಮೇಲ್ಛಾವಣಿ ವಿದ್ಯುತ್ ಮಾರಾಟ ಎಂದರೆ ಮನೆಯ ಮಾಡಿನ ಮೇಲಿನ ಸೌರ ಫಲಕಗಳಿಂದ ದೊರೆತ ವಿದ್ಯುತ್ತಿನಲ್ಲಿ ಸ್ವಂತ ಬಳಕೆಗೆ ಮಿಕ್ಕಿದ್ದನ್ನು ಸರಬರಾಜು ಕಂಪನಿಯ ಜಾಲಕ್ಕೆ ಹರಿಸಿ ಬೆಲೆ ಪಡೆಯುವ ವ್ಯವಸ್ಥೆ. ಇದರ ಲೆಕ್ಕ ಇಡುವ ಕ್ರಮಕ್ಕೆ ನೆಟ್ ಮೀಟರಿಂಗ್ ಅಥವಾ ನಿವ್ವಳ ಮಾಪನ ಎಂದು ಹೆಸರು. ಭಟ್ಕಳ, ಹೊನ್ನಾವರ, ಕುಮಟಾ ಸೇರಿದಂತೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ವಿದ್ಯುತ್ತನ್ನು ಕೊಳ್ಳುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

ಕಾರ್ಯವಿಧಾನ

ಫಲಕಗಳಲ್ಲಿ ಹುಟ್ಟುವ ನೇರ ವಿದ್ಯುತ್ತನ್ನು ಇನ್ವರ್ಟರ್ ಪರ್ಯಾಯ ವಿದ್ಯುತ್ತಾಗಿ ಬದಲಾಯಿಸುತ್ತದೆ. ದ್ವಿಮುಖ ಮೀಟರು ಜಾಲದಿಂದ ಮನೆಗೆ ಬಂದ ಮತ್ತು ಮನೆಯಿಂದ ಜಾಲಕ್ಕೆ ಹೋದ ಯೂನಿಟ್‌ಗಳನ್ನು ಬೇರೆಬೇರೆಯಾಗಿ ದಾಖಲಿಸುತ್ತದೆ. ಒಂದು ಕಿಲೋವಾಟ್ ಘಟಕಕ್ಕೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಅದರಿಂದ ದಿನಕ್ಕೆ ಸರಾಸರಿ 4 ಯೂನಿಟ್ ನಿರೀಕ್ಷಿಸಬಹುದು.

ಉದಾಹರಣೆಗೆ, ಶರಾವತಿ ಅಳಿವೆಯ ದಕ್ಷಿಣ ದಡದಲ್ಲಿರುವ ಹೊನ್ನಾವರ ತಾಲ್ಲೂಕಿನ ಕಾಸರಕೋಡದಲ್ಲಿ (ಇದು ಕೇರಳದ ಕಾಸರಗೋಡಲ್ಲ) 3 ಕಿಲೋವಾಟ್ ಘಟಕವುಳ್ಳ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಬಿಸಿಲಿನ ತಿಂಗಳಲ್ಲಿ 360 ಯೂನಿಟ್ ಉತ್ಪಾದನೆಯಾಗಿ, ಹಗಲಿನಲ್ಲಿ 110 ಯೂನಿಟ್ ಮನೆಯಲ್ಲೇ ಖರ್ಚಾದರೆ 250 ಜಾಲಕ್ಕೆ ಹೋಗುತ್ತದೆ. ರಾತ್ರಿ ಜಾಲದಿಂದ 140 ಯೂನಿಟ್ ಪಡೆದರೆ, ಬೆಲೆ ಸಿಗುವುದು ಉಳಿದ 110 ಯೂನಿಟ್‌ಗೆ ಮಾತ್ರ. 360ಕ್ಕೂ ಹಣ ಬರುತ್ತದೆಂಬುದು ಸಾಮಾನ್ಯ ತಪ್ಪು ಕಲ್ಪನೆ. ನಿಗದಿತ ಶುಲ್ಕವನ್ನು ಹೇಗೂ ಕಟ್ಟಬೇಕು. ಮಳೆಗಾಲದಲ್ಲಿ ಲೆಕ್ಕ ತಿರುವುಮುರುವಾಗಿ, ಪಡೆದದ್ದೇ ಹೆಚ್ಚಾದರೆ ವ್ಯತ್ಯಾಸಕ್ಕೆ ಗ್ರಾಹಕನೇ ಸಾಮಾನ್ಯ ದರ ಕೊಡುತ್ತಾನೆ.

ದರದ ಇತಿಹಾಸ

ಅಮೆರಿಕದ ಮಿನ್ನೆಸೋಟ ರಾಜ್ಯ 1983ರಲ್ಲೇ ನಿವ್ವಳ ಮಾಪನಕ್ಕೆ ಕಾನೂನು ಮಾಡಿತು. ಜರ್ಮನಿಯ 2000ದ ಕಾಯಿದೆ ಮನೆಯ ಸೌರವಿದ್ಯುತ್ತಿಗೆ 20 ವರ್ಷಗಳ ಖಚಿತ ಬೆಲೆ ನೀಡಿತು. ಕರ್ನಾಟಕದಲ್ಲಿ ಆಯೋಗವು ಅಕ್ಟೋಬರ್ 2013ರ ಆದೇಶದಲ್ಲಿ ಯೂನಿಟ್‌ಗೆ ರೂ. 9.56, ಸಹಾಯಧನ ಪಡೆದವರಿಗೆ ರೂ. 7.20 ನಿಗದಿಪಡಿಸಿತು. 2014ರ ಸೌರ ನೀತಿಯು 2018ರೊಳಗೆ 400 ಮೆಗಾವಾಟ್ ಮೇಲ್ಛಾವಣಿ ಘಟಕಗಳ ಗುರಿ ಇಟ್ಟಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯ ರೈತ’ ಯೋಜನೆಯಡಿ ಪಂಪ್‌ಸೆಟ್‌ಗಳಿಂದಲೂ ಹೆಚ್ಚುವರಿ ವಿದ್ಯುತ್ ಕೊಳ್ಳುವ ಪ್ರಯೋಗ ನಡೆಯಿತು.

ಫಲಕಗಳ ಬೆಲೆ ಕುಸಿದಂತೆ ದರವೂ ಇಳಿಯಿತು. 2016ರಲ್ಲಿ 10 ಕಿಲೋವಾಟ್‌ವರೆಗಿನ ಘಟಕಗಳಿಗೆ, ಸಹಾಯಧನವಿಲ್ಲದಿದ್ದರೆ, ರೂ. 7.08 ಆಯಿತು; ನಂತರದ ಆದೇಶಗಳಲ್ಲಿ ಇನ್ನೂ ಕಡಿಮೆಯಾಯಿತು. ಒಪ್ಪಂದದ ಅವಧಿ 25 ವರ್ಷ. ಹೀಗಾಗಿ ಅಕ್ಕಪಕ್ಕದ ಎರಡು ಮನೆಗಳ ಫಲಕಗಳು ಒಂದೇ ಬಗೆಯವಾದರೂ, ಒಪ್ಪಂದವಾದ ವರ್ಷಕ್ಕನುಗುಣವಾಗಿ ಆದಾಯದಲ್ಲಿ ಬಹಳ ಅಂತರ ಇರಬಹುದು.

ಸಹಾಯಧನ ಮತ್ತು ಗೃಹಜ್ಯೋತಿ

2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ‘ಪ್ರಧಾನಮಂತ್ರಿ ಸೂರ್ಯ ಘರ್’ ಯೋಜನೆಯು ಒಂದು ಕೋಟಿ ಮನೆಗಳ ಗುರಿ ಹೊಂದಿದೆ. ಮೊದಲ ಎರಡು ಕಿಲೋವಾಟ್‌ಗೆ ತಲಾ ರೂ. 30,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ ಒಟ್ಟು ರೂ. 78,000 ಸಹಾಯಧನವುಂಟು. ಆದರೆ ರಾಜ್ಯದ ‘ಗೃಹಜ್ಯೋತಿ’ ಯೋಜನೆಯು ಅದಕ್ಕೂ ಮೊದಲೇ, ಜುಲೈ 2023ರಿಂದ, ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ಗರಿಷ್ಠ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುತ್ತಿದೆ. ಶೂನ್ಯ ಬಿಲ್ಲು ಬರುವ ಮನೆಗೆ ಫಲಕಗಳಿಂದ ಉಳಿತಾಯವಾಗುವುದೇನೂ ಇಲ್ಲ. ಮಾರಾಟದ ಹಣವೊಂದೇ ಲಾಭ, ಅದರ ದರವೋ ಇಳಿದಿದೆ. ಎರಡೂ ಯೋಜನೆಗಳ ಉದ್ದೇಶ ಒಳ್ಳೆಯದೇ ಆಗಿದ್ದರೂ, ಸಣ್ಣ ಮನೆಗಳ ಮಟ್ಟಿಗೆ ಒಂದು ಇನ್ನೊಂದರ ಕಾಲಿಗೆ ತೊಡಕಾಗಿದೆ ಎನ್ನದೆ ವಿಧಿಯಿಲ್ಲ.

ಕರಾವಳಿಯ ವಿಶೇಷಗಳು

ಜಾಲಕ್ಕೆ ಜೋಡಿಸಿದ ಸಾಧಾರಣ ಇನ್ವರ್ಟರ್, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯಿಂದ ಹರಿದ ವಿದ್ಯುತ್ ತಾಗಬಾರದೆಂಬುದು ಇದಕ್ಕೆ ಕಾರಣ. ಆದ್ದರಿಂದ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದ ದಿನ, ಫಲಕಗಳಿರುವ ಮನೆಯೂ ಕತ್ತಲಲ್ಲೇ ಇರುತ್ತದೆ; ಬೆಳಕು ಬೇಕಾದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು, ಅದು ದುಬಾರಿ. ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ಬೇಗ ತುಕ್ಕು ಹಿಡಿಯುವುದರಿಂದ ಸತು ಲೇಪಿತ ಉಕ್ಕು ಅಥವಾ ಅಲ್ಯೂಮಿನಿಯಂ ಲೇಸು. ತೆಂಗಿನ ಗರಿಯ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ, ಸರಣಿಯಲ್ಲಿ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆಯೂ ತಗ್ಗಬಹುದು. ಹಂಚಿನ ಮಾಡಿನಲ್ಲಿ ಚೌಕಟ್ಟನ್ನು ಹಂಚಿಗಲ್ಲ, ಅದರಡಿಯ ಪಕಾಸಿಗೆ ಬಿಗಿಯಬೇಕಾಗುತ್ತದೆ.