ಮೊದಲ ಉಸಿರು, ಮೊದಲ ನೋಟ



ಅಕ್ಕನ ಜೊತೆಗೋ ಅತ್ತಿಗೆಯ ಜೊತೆಗೋ ಹೋಗಿ, ಸ್ಕ್ಯಾನಿಂಗ್ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕುಳಿತು ಕಾದ ಅನುಭವ ನಿಮ್ಮಲ್ಲಿ ಅನೇಕರಿಗೆ ಇರಬಹುದು. ಒಳಗೆ ವೈದ್ಯರು ಬಸುರಿಯ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ, ಅಂಗೈಯಲ್ಲಿ ಹಿಡಿಯುವಂಥ ಒಂದು ಉಪಕರಣವನ್ನು ಮೆಲ್ಲಗೆ ಆಡಿಸುತ್ತಾರೆ. ಪಕ್ಕದ ಪರದೆಯ ಮೇಲೆ ಕಪ್ಪು ಬಿಳುಪಿನ ಚಿತ್ರ ಮೂಡುತ್ತದೆ. ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಸಣ್ಣ ನಳಿಕೆಯ ಮೂಲಕ ಗಾಳಿ ಕೊಡುತ್ತಿರುತ್ತಾರೆ. ಒಂದು ಯಂತ್ರ ದೇಹದ ಒಳಗನ್ನು ತೋರಿಸುತ್ತದೆ. ಇನ್ನೊಂದು ಉಸಿರಿಗೆ ಆಸರೆಯಾಗುತ್ತದೆ.

ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಈ ಎರಡೂ ಬಗೆಯ ಯಂತ್ರಗಳಿಗಾಗಿ ದುಡಿದ ಒಬ್ಬ ಹೆರಿಗೆ ವೈದ್ಯರಿದ್ದರು. ಅವರೇ ಬ್ರಿಟನ್ನಿನ ಇಯಾನ್ ಡೊನಾಲ್ಡ್. ಅವರು ಹುಟ್ಟಿದ್ದು 1910ರಲ್ಲಿ, ತೀರಿಕೊಂಡದ್ದು 1987ರಲ್ಲಿ. ಅವರ ಕಥೆಯನ್ನು ತಿಳಿದರೆ, ವೈದ್ಯಕೀಯ ಉಪಕರಣವೊಂದು ನಿಜವಾಗಿ ಹೇಗೆ ಹುಟ್ಟುತ್ತದೆ ಎಂಬುದೂ ನಮಗೆ ತಿಳಿಯುತ್ತದೆ.

ಕಬ್ಬಿಣದ ಶ್ವಾಸಕೋಶ

ಮೊದಲು ಉಸಿರಿನ ವಿಷಯ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪೋಲಿಯೋ ಎಂದರೆ ಮನೆಮನೆಯಲ್ಲೂ ಭಯ. ಕೆಲವು ಮಕ್ಕಳಿಗೆ ಕಾಲು ಮಾತ್ರವಲ್ಲ, ಉಸಿರಾಟಕ್ಕೆ ಬೇಕಾದ ಸ್ನಾಯುಗಳೂ ಸೋತುಹೋಗುತ್ತಿದ್ದವು. ಶ್ವಾಸಕೋಶ ಚೆನ್ನಾಗಿದ್ದರೂ ಎದೆಯನ್ನು ಹಿಗ್ಗಿಸುವ ಶಕ್ತಿ ಇಲ್ಲದೆ ಮಗು ಸಾಯುತ್ತಿತ್ತು.

ಇದಕ್ಕೆ ಉಪಾಯ ಹುಡುಕಿದವರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಡ್ರಿಂಕರ್ ಒಬ್ಬರು. ಅವರು ವೈದ್ಯರಲ್ಲ, ಎಂಜಿನಿಯರು. ಲೂಯಿ ಷಾ ಎಂಬ ಸಹೋದ್ಯೋಗಿಯೊಡನೆ ಸೇರಿ ಅವರು ಲೋಹದ ದೊಡ್ಡ ಪೀಪಾಯಿಯಂಥ ಪೆಟ್ಟಿಗೆ ಮಾಡಿಸಿದರು. ರೋಗಿಯ ತಲೆ ಮಾತ್ರ ಹೊರಗೆ, ಉಳಿದ ದೇಹವೆಲ್ಲ ಒಳಗೆ. ಪೆಟ್ಟಿಗೆಯೊಳಗಿನ ಗಾಳಿಯನ್ನು ಹೀರಿದಾಗ ಎದೆ ಹಿಗ್ಗಿ, ಮೂಗು ಬಾಯಿಗಳಿಂದ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ. ಗಾಳಿಯನ್ನು ಮತ್ತೆ ಬಿಟ್ಟಾಗ ಎದೆ ಕುಗ್ಗುತ್ತದೆ. ಹೀರಲು ಬಳಸಿದ್ದು ಮನೆಯ ಕಸ ತೆಗೆಯುವ ವ್ಯಾಕ್ಯೂಮ್ ಕ್ಲೀನರಿನ ಗಾಳಿಯಂತ್ರವನ್ನು! 1928ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಉಸಿರು ನಿಲ್ಲುತ್ತಿದ್ದ 8 ವರ್ಷದ ಬಾಲಕಿಯನ್ನು ಅದರೊಳಗೆ ಮಲಗಿಸಿದರು. ಕೆಲವೇ ನಿಮಿಷಗಳಲ್ಲಿ ಅವಳು ಚೇತರಿಸಿಕೊಂಡಳು. ಕೆಲವು ದಿನಗಳ ನಂತರ ನ್ಯುಮೋನಿಯಾದಿಂದ ಅವಳು ತೀರಿಕೊಂಡಳಾದರೂ, ಯಂತ್ರದಿಂದ ಉಸಿರಾಡಿಸಬಹುದು ಎಂಬುದು ಖಚಿತವಾಯಿತು. ಜನ ಆ ಪೆಟ್ಟಿಗೆಯನ್ನು 'ಕಬ್ಬಿಣದ ಶ್ವಾಸಕೋಶ' ಎಂದು ಕರೆದರು.

ಆದರೆ ಎಲ್ಲ ಊರಿನಲ್ಲೂ ಅಂಥ ಪೆಟ್ಟಿಗೆಗಳು ಸಾಕಷ್ಟು ಇರಲಿಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಾವಳಿ ಎದ್ದಾಗ ಅಲ್ಲಿನ ಮುಖ್ಯ ಆಸ್ಪತ್ರೆಯಲ್ಲಿ ಇದ್ದದ್ದು ಅಂಥ ಒಂದೇ ಒಂದು ಪೆಟ್ಟಿಗೆ, ಮತ್ತು ಎದೆಗೆ ಕವಚದಂತೆ ತೊಡಿಸುವ 6 ಸಾಧನಗಳು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಬೇರೊಂದು ದಾರಿ ತೋರಿಸಿದರು. ಗಂಟಲಲ್ಲಿ ರಂಧ್ರ ಮಾಡಿ, ನಳಿಕೆ ಇಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬುವುದು ಆ ದಾರಿ. ಒತ್ತಲು ಕೈಗಳು ಬೇಕಲ್ಲ? ಸುಮಾರು 1,500 ಮಂದಿ ವಿದ್ಯಾರ್ಥಿಗಳು ಬಂದರು. ನಿಮ್ಮಂಥ ತರುಣ ತರುಣಿಯರೇ ಪಾಳಿಯ ಮೇಲೆ ಹಗಲು ರಾತ್ರಿ ರೋಗಿಗಳ ತಲೆಯ ಬಳಿ ಕುಳಿತು ಚೀಲ ಒತ್ತಿದರು. ಮೊದಲು ನೂರಕ್ಕೆ 80ಕ್ಕೂ ಮೀರಿ ಇದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕದ ಬೇರು ಇಲ್ಲಿದೆ.

ಅಳದ ಕೂಸು

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಇಯಾನ್ ಡೊನಾಲ್ಡರ ಚಿಂತೆ ಇನ್ನೂ ಚಿಕ್ಕ ಎದೆಗಳ ಬಗ್ಗೆ ಇತ್ತು. ಹುಟ್ಟಿದ ಕೂಡಲೇ ಅಳದ ಕೂಸನ್ನು ಕಂಡು ಹೆರಿಗೆ ಕೋಣೆಯಲ್ಲಿ ಕವಿಯುವ ಮೌನ ಹೆರಿಗೆ ವೈದ್ಯರಿಗೆ ಗೊತ್ತಿರುತ್ತದೆ. ತಾಯಿಯ ಗರ್ಭದಲ್ಲಿರುವವರೆಗೆ ಮಗುವಿನ ಶ್ವಾಸಕೋಶದಲ್ಲಿ ದ್ರವ ತುಂಬಿರುತ್ತದೆ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಆ ಜಾಗದಲ್ಲಿ ಗಾಳಿ ತುಂಬಬೇಕು. ಬಲವಿಲ್ಲದ ಕೂಸಿಗೆ ಈ ಮೊದಲ ಉಸಿರೇ ಬೆಟ್ಟ ಹತ್ತಿದಷ್ಟು ಕಷ್ಟ.

ಎರಡನೆಯ ಮಹಾಯುದ್ಧದಲ್ಲಿ ಡೊನಾಲ್ಡ್ ಬ್ರಿಟಿಷ್ ವಾಯುಪಡೆಯ ವೈದ್ಯರಾಗಿದ್ದರು. ಉರಿಯುತ್ತಿದ್ದ ವಿಮಾನದಿಂದ ಸೈನಿಕರನ್ನು ಹೊರಗೆಳೆದು ಉಳಿಸಿದ್ದಕ್ಕೆ ಗೌರವ ಪಡೆದವರು ಅವರು. ರಾಡಾರ್, ಸೋನಾರ್ ಮುಂತಾದ ಯಂತ್ರಗಳ ಪರಿಚಯ ಅವರಿಗೆ ಆದದ್ದೂ ಅಲ್ಲೇ. ಯುದ್ಧ ಮುಗಿದು ಆಸ್ಪತ್ರೆಗೆ ಮರಳಿದ ಮೇಲೆ, ಮೊರೀನ್ ಯಂಗ್ ಎಂಬ ಶರೀರಕ್ರಿಯಾ ವಿಜ್ಞಾನಿಯೊಡನೆ ಸೇರಿ ಅವರು ನವಜಾತ ಶಿಶುಗಳಿಗಾಗಿ ಉಸಿರಾಟದ ಯಂತ್ರವೊಂದನ್ನು ರೂಪಿಸಿ, 1952ರಲ್ಲಿ ಅದರ ವಿವರ ಪ್ರಕಟಿಸಿದರು. ಅದರ ವಿಶೇಷವೇನೆಂದರೆ, ಯಂತ್ರ ತನ್ನ ತಾಳವನ್ನು ಮಗುವಿನ ಮೇಲೆ ಹೇರುತ್ತಿರಲಿಲ್ಲ. ಕೂಸು ತಾನೇ ಉಸಿರೆಳೆಯಲು ಮಾಡಿದ ಸಣ್ಣ ಪ್ರಯತ್ನವನ್ನು ಗುರುತಿಸಿ, ಅದಕ್ಕೆ ಬಲ ತುಂಬುತ್ತಿತ್ತು. ನಡೆಯಲು ಕಲಿಯುವ ಮಗುವಿನ ಬೆರಳು ಹಿಡಿದು ಅದರ ಹೆಜ್ಜೆಗೆ ಹೆಜ್ಜೆ ಹಾಕುವ ಅಜ್ಜಿಯ ಹಾಗೆ.

ಈ ಯಂತ್ರದಿಂದ ಎಲ್ಲ ಕೂಸುಗಳೂ ಉಳಿಯಲಿಲ್ಲ. ದಿನ ತುಂಬದ ಮಕ್ಕಳ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳು ಪ್ರತಿ ಉಸಿರಿಗೂ ಅಂಟಿಕೊಂಡು ಮುಚ್ಚಿಹೋಗುವುದು ಏಕೆ ಎಂಬುದು ಆಗ ತಿಳಿದಿರಲಿಲ್ಲ. ಗೂಡುಗಳ ಒಳಪದರಕ್ಕೆ ಬೇಕಾದ ನೊರೆಯಂಥ ಒಂದು ವಸ್ತು ಆ ಮಕ್ಕಳಲ್ಲಿ ಸಾಲದು ಎಂದು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಅವರ ಸಹೋದ್ಯೋಗಿ ತೋರಿಸಿಕೊಟ್ಟರು. ಹಾಗಾದರೆ ಉಸಿರು ಬಿಟ್ಟಾಗಲೂ ಒಳಗೆ ಸ್ವಲ್ಪ ಒತ್ತಡ ಉಳಿಸಿ ಗೂಡುಗಳು ಮುಚ್ಚದಂತೆ ನೋಡಿಕೊಂಡರೆ? 1971ರಲ್ಲಿ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಅದನ್ನು ಮಾಡಿ ಅನೇಕ ಮಕ್ಕಳನ್ನು ಉಳಿಸಿದರು. ಇಂದಿಗೂ ಎಷ್ಟೋ ಆಸ್ಪತ್ರೆಗಳಲ್ಲಿ ಉಸಿರಿನ ನಳಿಕೆಯ ತುದಿಯನ್ನು ನೀರಿನಲ್ಲಿ 5 ಸೆಂಟಿಮೀಟರಿನಷ್ಟು ಮುಳುಗಿಸಿಟ್ಟು ಈ ಒತ್ತಡವನ್ನು ಪಡೆಯುತ್ತಾರೆ. ನೀರಿನಲ್ಲಿ ಗುಳ್ಳೆ ಏಳುತ್ತಿರುವವರೆಗೆ ಒತ್ತಡ ಸರಿಯಾಗಿದೆ ಎಂದು ಅರ್ಥ. ವಿಜ್ಞಾನ ಎಂದರೆ ಯಾವಾಗಲೂ ಜಟಿಲವಾಗಿಯೇ ಇರಬೇಕಿಲ್ಲ, ನೋಡಿ.

ಬಾಯ್ಲರ್ ಕಾರ್ಖಾನೆಗೆ ಹೋದ ವೈದ್ಯ

1954ರಲ್ಲಿ ಡೊನಾಲ್ಡ್ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಅವರನ್ನು ಕಾಡಿದ್ದು ಇನ್ನೊಂದು ಪ್ರಶ್ನೆ. ಹೆಂಗಸಿನ ಹೊಟ್ಟೆ ಊದಿದೆ. ಒಳಗಿರುವುದು ಗಟ್ಟಿ ಗಡ್ಡೆಯೋ, ನೀರು ತುಂಬಿದ ಚೀಲವೋ, ಮಗುವೋ? ಕೈಯಿಂದ ಒತ್ತಿ ನೋಡಬೇಕು, ಇಲ್ಲವೇ ಹೊಟ್ಟೆ ಕೊಯ್ಯಬೇಕು. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆಯೇ ಹೊರತು ಮೆದು ಅಂಗಾಂಶಗಳನ್ನು ಚೆನ್ನಾಗಿ ತೋರಿಸದು. ಮೇಲಾಗಿ ಗರ್ಭಿಣಿಗೆ ಎಕ್ಸ್‌ರೇ ತೆಗೆದರೆ ಹುಟ್ಟುವ ಮಗುವಿಗೆ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ ಎಂದು ಆಲಿಸ್ ಸ್ಟೂವರ್ಟ್ ಎಂಬ ವೈದ್ಯೆ 1956ರಲ್ಲಿ ಎಚ್ಚರಿಸಿದರು.

ಗ್ಲ್ಯಾಸ್ಗೋ ಹಡಗು ಕಟ್ಟುವವರ ಊರು. ಅಲ್ಲಿನ ಕಾರ್ಖಾನೆಗಳಲ್ಲಿ ಉಕ್ಕಿನ ಬೆಸುಗೆಯ ಒಳಗೆ ಬಿರುಕಿದೆಯೇ ಎಂದು ನೋಡಲು ಶ್ರವಣಾತೀತ ಧ್ವನಿಯನ್ನು ಬಳಸುತ್ತಿದ್ದರು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳುತ್ತದೆ. ಅದನ್ನು ಮೀರಿದ್ದೇ ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ಉಕ್ಕಿನಲ್ಲಿ ಬಿರುಕಿದ್ದರೆ ಅಲ್ಲಿಂದ ಪ್ರತಿಧ್ವನಿ ಮರಳುತ್ತದೆ. ಉಕ್ಕಿನಲ್ಲಿ ಆಗುವುದಾದರೆ ಮಾಂಸದಲ್ಲಿ ಏಕಾಗದು ಎಂದು ಡೊನಾಲ್ಡ್ ಯೋಚಿಸಿದರು. ಈ ಯೋಚನೆ ಅವರೊಬ್ಬರದೇ ಆಗಿರಲಿಲ್ಲ. ಆಸ್ಟ್ರಿಯದ ಕಾರ್ಲ್ ದುಸಿಕ್, ಅಮೆರಿಕದಲ್ಲಿದ್ದ ಜಾನ್ ವೈಲ್ಡ್ ಮೊದಲೇ ಪ್ರಯೋಗ ನಡೆಸಿದ್ದರು.

ಅವರ ರೋಗಿಯೊಬ್ಬರ ಪತಿ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಎಂಬ ಬಾಯ್ಲರ್ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. 1955ರ ಜುಲೈಯಲ್ಲಿ ಒಂದು ದಿನ ಡೊನಾಲ್ಡ್ ಕಾರಿನ ಡಿಕ್ಕಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಗಡ್ಡೆಗಳನ್ನೂ ಚೀಲಗಳನ್ನೂ ತುಂಬಿಕೊಂಡು ಆ ಕಾರ್ಖಾನೆಗೆ ಹೋದರು. ಹೋಲಿಸಿ ನೋಡಲು ಕಾರ್ಖಾನೆಯವರು ಒಂದು ದೊಡ್ಡ ಮಾಂಸದ ತುಂಡನ್ನು ಒದಗಿಸಿದ್ದರು. ಫಲ ಸ್ಪಷ್ಟವಾಗಿತ್ತು. ನೀರು ತುಂಬಿದ ಚೀಲದಲ್ಲಿ ಹತ್ತಿರದ ಗೋಡೆಯಿಂದ ಒಂದು, ದೂರದ ಗೋಡೆಯಿಂದ ಒಂದು ಪ್ರತಿಧ್ವನಿ ಬಂದು, ನಡುವೆ ಖಾಲಿ ಇತ್ತು. ಗಟ್ಟಿ ಗಡ್ಡೆಯಲ್ಲಿ ಪ್ರತಿಧ್ವನಿಗಳು ಆಳಕ್ಕೆ ಹೋದಂತೆ ಕ್ರಮವಾಗಿ ಕ್ಷೀಣಿಸುತ್ತ ಬಂದವು.

ಇಲ್ಲಿ ನೀವೂ ಒಂದು ಲೆಕ್ಕ ಮಾಡಿ ನೋಡಿ. ಮೆದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. 5 ಸೆಂಟಿಮೀಟರ್ ಆಳದಿಂದ ಪ್ರತಿಧ್ವನಿ ಮರಳಬೇಕಾದರೆ ಹೋಗಿ ಬರುವ ದಾರಿ 10 ಸೆಂಟಿಮೀಟರ್. ಬೇಕಾಗುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 65 ಭಾಗ. ಈ ಕಾಲವನ್ನು ಅಳೆದೇ ಯಂತ್ರ ಆಳವನ್ನು ತಿಳಿಯುತ್ತದೆ.

ಫೋನ್ ಮಾಡಿದ ತರುಣ

ಡೊನಾಲ್ಡರ ಮೊದಲ ಯಂತ್ರ ಗೆರೆಗಳನ್ನು ತೋರಿಸುತ್ತಿತ್ತೇ ಹೊರತು ಚಿತ್ರವನ್ನಲ್ಲ. ಧ್ವನಿ ಗಾಳಿಯ ಪದರವನ್ನು ದಾಟಿ ಮೈಯೊಳಗೆ ಹೋಗಲಾರದಾದ್ದರಿಂದ, ಅಡಿಯಲ್ಲಿ ತೆಳು ರಬ್ಬರ್ ಕಟ್ಟಿದ ನೀರಿನ ಪಾತ್ರೆಯನ್ನು ರೋಗಿಯ ಹೊಟ್ಟೆಯ ಮೇಲೆ ಇಡಬೇಕಾಗುತ್ತಿತ್ತು. ಅದು ಸೋರಿ ಹಾಸಿಗೆ ಒದ್ದೆಯಾಗುತ್ತಿತ್ತು. ಕೆಲಸ ಹೆಚ್ಚು ಮುಂದುವರಿಯಲಿಲ್ಲ.

ಅದೇ ಊರಿನ ಕೆಲ್ವಿನ್ ಅಂಡ್ ಹ್ಯೂಸ್ ಎಂಬ ಉಪಕರಣ ಕಂಪನಿಯಲ್ಲಿ ಟಾಮ್ ಬ್ರೌನ್ ಎಂಬ ಇಪ್ಪತ್ತರ ಹರೆಯದ ಎಂಜಿನಿಯರ್ ಇದ್ದರು. ವೈದ್ಯರೊಬ್ಬರು ಉಕ್ಕು ಪರೀಕ್ಷಿಸುವ ಯಂತ್ರವನ್ನು ಮನುಷ್ಯರ ಮೇಲೆ ಬಳಸುತ್ತಿದ್ದಾರೆ ಎಂಬ ಸುದ್ದಿ ಅವರ ಕಿವಿಗೆ ಬಿತ್ತು. ಟೆಲಿಫೋನ್ ಡೈರೆಕ್ಟರಿಯಲ್ಲಿ ಡೊನಾಲ್ಡರ ಹೆಸರು ಹುಡುಕಿ, ತಾವೇ ಫೋನ್ ಮಾಡಿ, ನೋಡಲು ಬರಬಹುದೇ ಎಂದು ಕೇಳಿದರು. ಪ್ರಾಧ್ಯಾಪಕರು ಬರಹೇಳಿದರು. ರೋಗಿಯ ಹಾಸಿಗೆಯ ಮೇಲೆ ಚಾಚಿ ನಿಲ್ಲಿಸುವ ಗಾಲಿಮೇಜನ್ನೇ ಆಧಾರ ಮಾಡಿಕೊಂಡು ಬ್ರೌನ್ ಹೊಸ ಯಂತ್ರ ಕಟ್ಟಿದರು. ನೀರಿನ ಪಾತ್ರೆ ಹೋಯಿತು. ಚರ್ಮಕ್ಕೆ ಆಲಿವ್ ಎಣ್ಣೆ ಸವರಿ ಉಪಕರಣವನ್ನು ನೇರವಾಗಿ ಮೈಮೇಲೆ ಸರಿಸತೊಡಗಿದರು. ಅದು ಸರಿದಂತೆಲ್ಲ ಪ್ರತಿಧ್ವನಿಗಳು ಚುಕ್ಕೆಗಳಾಗಿ ಕೂಡಿಕೊಂಡು ದೇಹದ ಒಂದು ಸೀಳುನೋಟ ಪರದೆಯ ಮೇಲೆ ಮೂಡಿತು.

ಆ ದಿನಗಳಲ್ಲೇ ಶಸ್ತ್ರಚಿಕಿತ್ಸಾ ವಿಭಾಗದ ಪ್ರಾಧ್ಯಾಪಕರು ಡೊನಾಲ್ಡರನ್ನು ಕರೆಸಿ ಒಬ್ಬ ಮಹಿಳೆಯನ್ನು ತೋರಿಸಿದರು. ಹೊಟ್ಟೆ ವಿಪರೀತ ಊದಿತ್ತು. ಜಠರದ ಕ್ಯಾನ್ಸರ್, ಇನ್ನು ಮಾಡುವುದೇನೂ ಇಲ್ಲ ಎಂದು ತೀರ್ಮಾನವಾಗಿತ್ತು. ಯಂತ್ರ ತೋರಿಸಿದ್ದು ಬೇರೆ. ಒಳಗಿದ್ದದ್ದು ನೀರು ತುಂಬಿದ ದೊಡ್ಡ ಚೀಲ. ಶಸ್ತ್ರಚಿಕಿತ್ಸೆ ಮಾಡಿದಾಗ ಅದು ಅಂಡಾಶಯದ ಚೀಲವೆಂದು ಖಚಿತವಾಯಿತು. ಅದನ್ನು ತೆಗೆದರು, ಆಕೆ ಗುಣಮುಖಳಾದಳು. ಸಾವಿನ ದಿನ ಎಣಿಸುತ್ತಿದ್ದ ಜೀವವನ್ನು ಪ್ರತಿಧ್ವನಿ ಉಳಿಸಿತು.

1958ರ ಜೂನ್ 7ರಂದು 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅದರ ಮೇಲೆ ಮೂರು ಹೆಸರುಗಳಿದ್ದವು: ಡೊನಾಲ್ಡ್, ಅವರ ಕಿರಿಯ ವೈದ್ಯ ಜಾನ್ ಮ್ಯಾಕ್‌ವಿಕಾರ್, ಮತ್ತು ಎಂಜಿನಿಯರ್ ಬ್ರೌನ್. ಮುಂದೆ ಗರ್ಭದಲ್ಲಿನ ಮಗುವಿನ ತಲೆಯ ಅಳತೆಯಿಂದ ಬೆಳವಣಿಗೆಯನ್ನು ತಿಳಿಯುವ ಕ್ರಮವೂ ಬೆಳೆಯಿತು.

ಯಂತ್ರ ಯಾರ ಕೈಯಲ್ಲಿ?

ಮಿತ್ರರೇ, ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ತಾಯಿ ಮಗುವನ್ನು ಉಳಿಸಲೆಂದು ಹುಟ್ಟಿದ ಈ ಯಂತ್ರವನ್ನು ನಮ್ಮ ದೇಶದಲ್ಲಿ ಹುಟ್ಟಲಿರುವುದು ಗಂಡೋ ಹೆಣ್ಣೋ ಎಂದು ನೋಡಿ, ಹೆಣ್ಣಾದರೆ ತೆಗೆಸಿಹಾಕಲು ಬಳಸಿದರು. ಭಾರತದಲ್ಲಿ 6 ವರ್ಷದೊಳಗಿನ 1,000 ಗಂಡು ಮಕ್ಕಳಿಗೆ 1991ರಲ್ಲಿ 945 ಹೆಣ್ಣು ಮಕ್ಕಳಿದ್ದರೆ, 2001ರ ಹೊತ್ತಿಗೆ ಅದು 927ಕ್ಕೆ ಇಳಿಯಿತು. ನಮ್ಮ ಕರ್ನಾಟಕದಲ್ಲೂ 960 ಇದ್ದದ್ದು 946 ಆಯಿತು. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು 1994ರಲ್ಲಿ ಬಂದು 1996ರಲ್ಲಿ ಜಾರಿಯಾಯಿತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕವನ್ನು ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲೂ ತೂಗುಹಾಕಿರುವುದು ಇದಕ್ಕಾಗಿಯೇ.

ಹಾಗಾದರೆ ಈ ಕಥೆಯಿಂದ ನಾವು ತಿಳಿಯುವುದೇನು? ಉಪಕರಣ ಹುಟ್ಟುವುದು ಒಬ್ಬರ ತಲೆಯಲ್ಲಿ ಅಲ್ಲ. ರೋಗಿಯ ಕಷ್ಟ ಕಂಡ ವೈದ್ಯ ಕಾರ್ಖಾನೆಯ ಬಾಗಿಲು ತಟ್ಟಬೇಕು. ಯಂತ್ರ ಬಲ್ಲ ತರುಣ ಸಂಕೋಚ ಬಿಟ್ಟು ಫೋನ್ ಮಾಡಬೇಕು. ಚೀಲ ಒತ್ತಲು ಕೈಗಳು ಮುಂದೆ ಬರಬೇಕು. ಆದರೆ ಹುಟ್ಟಿದ ಉಪಕರಣ ಜೀವ ಉಳಿಸುತ್ತದೆಯೋ ತೆಗೆಯುತ್ತದೆಯೋ ಎಂಬುದನ್ನು ಅದನ್ನು ಮಾಡಿದವರು ತೀರ್ಮಾನಿಸಲಾರರು. ಅದು ಬಳಸುವ ನಮ್ಮ ಕೈಯಲ್ಲಿದೆ. ಮುಂದಿನ ಸಲ ಆ ಬೆಂಚಿನ ಮೇಲೆ ಕುಳಿತಾಗ ಗೋಡೆಯ ಫಲಕವನ್ನು ಒಮ್ಮೆ ಓದಿ. ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ವೈದ್ಯರಾಗುತ್ತೀರಿ, ಇನ್ನೊಬ್ಬರು ಎಂಜಿನಿಯರಾಗುತ್ತೀರಿ, ಎಲ್ಲರೂ ಒಂದು ಮನೆಯ ಹಿರಿಯರಾಗುತ್ತೀರಿ. ಆಗ ಅದು ನೆನಪಿರಲಿ.