ಆರು

ಸಂಖ್ಯೆಯ ಆರಲ್ಲ, ಅನ್ನ ಆರುವ ಆರು. ಬಟ್ಟೆ ಆರುತ್ತದೆ, ದೀಪ ಆರುತ್ತದೆ, ಹುಣ್ಣೂ ಆರುತ್ತದೆ. ಬಾಯಿ ಆರಿದರೆ ಬಾಯಾರಿಕೆ. ತೆಲುಗಿನಲ್ಲೂ ಬಟ್ಟೆ, ದೀಪ ಆರುವುದೇ. ಬಿಸಿ ಇಳಿಯುವುದಕ್ಕೆ ಅಲ್ಲಿ ‘ಚಲ್ಲಾರು’. ಎರಡೂ ಭಾಷೆ ಓಡಾಡುವ ಹಿಂದೂಪುರ, ಕಲ್ಯಾಣದುರ್ಗದ ಕಡೆ ಈ ಪದಕ್ಕೆ ದುಬಾಷಿ ಬೇಕಿಲ್ಲ.

ಹಿಂದೂಪುರ ಬೆಲ್ಲದ ಪೇಟೆ. ಆಲೆಮನೆಯಲ್ಲಿ ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಕುದ್ದ ಪಾಕವನ್ನು ಕೊಪ್ಪರಿಗೆಯಿಂದ ಇಳಿಸಿ, ಅಗಲಕ್ಕೆ ಸುರಿದು ಕೆದಕುತ್ತಾರೆ. ಶಾಖ ಗಾಳಿಗೆ ಹೋಗುತ್ತದೆ. ಹೋದದ್ದು ತಾನಾಗಿ ಪಾಕಕ್ಕೆ ಮರಳುವುದಿಲ್ಲ. 1850ರಲ್ಲಿ ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ ನಿಯಮ ಮಾಡಿ ಹೇಳಿದ್ದು ಇದನ್ನೇ. ಈ ಹಿಂದಿರುಗದ ಗುಣವನ್ನು ಅಳೆಯಲು 1865ರಲ್ಲಿ ‘ಎಂಟ್ರೊಪಿ’ ಎಂಬ ಹೆಸರು ಕಟ್ಟಿದ: ಗ್ರೀಕಿನಲ್ಲಿ ‘ಟ್ರೊಪೆ’ ಎಂದರೆ ತಿರುವು, ಮಾರ್ಪಾಟು. ಪದದ ರೂಪವನ್ನು ಮಾತ್ರ ಬೇಕೆಂದೇ ‘ಎನರ್ಜಿ’ಗೆ ಹೋಲುವಂತೆ ಇಟ್ಟ. ಎಂಟ್ರೊಪಿಯನ್ನು ಅವ್ಯವಸ್ಥೆಯ ಅಳತೆ ಎನ್ನುವುದುಂಟು. ಆರಿದ ಪಾಕ ಹರಳುಗಟ್ಟಿ ಅಚ್ಚುಕಟ್ಟಾಗುತ್ತದಲ್ಲ, ಅವ್ಯವಸ್ಥೆ ಹೆಚ್ಚಿದ್ದೆಲ್ಲಿ ಎಂದು ಕೇಳಬಹುದು. ಸುತ್ತಲ ಗಾಳಿಯಲ್ಲಿ. ಬೆಲ್ಲದ ಎಂಟ್ರೊಪಿ ಇಳಿದದ್ದಕ್ಕಿಂತ ಗಾಳಿಯದು ಹೆಚ್ಚು ಏರಿರುತ್ತದೆ, ಲೆಕ್ಕ ಒಟ್ಟಿನದು.

ಕಲ್ಯಾಣದುರ್ಗದ ಕಡಲೆಕಾಯಿಯ ಆರುವಿಕೆ ಬೇರೆ. ಬಿಸಿಲಿಗೆ ಆರಹಾಕಿದ ಕಾಯಿ ತಣ್ಣಗಾಗುವುದಿಲ್ಲ, ಬಿಸಿಯೇ ಆಗುತ್ತದೆ, ಹೋಗುವುದು ತೇವ. ಕಾವಿರಲಿ ನೀರಿರಲಿ, ಹರಡಿ ಹೋದದ್ದು ತಾನಾಗಿ ಒಂದೆಡೆ ಕೂಡದು. ಪಠ್ಯಪುಸ್ತಕದವರು ಇದಕ್ಕೆ ‘ತಣಿ’, ‘ಒಣಗು’ ಎಂದು ಎರಡು ಪದ ಇಡುತ್ತಾರೆ. ನನಗೆ ಆಡುಮಾತಿನ ಒಂದೇ ಪದ ಹೆಚ್ಚು ಭೌತಶಾಸ್ತ್ರ ಬಲ್ಲದ್ದೆನಿಸುತ್ತದೆ.

ಅಕ್ಕಿಯಲ್ಲಿ ಕಲ್ಲು ‘ಆರಿಸುವುದು’ ಮಾತ್ರ ಬೇರೆ ಮಾತು.